ಭೂಕಂಪದ ಹಿಂದೆ ಬರುವ ಬೆಂಕಿ: ಕ್ಯಾಲಿಫೋರ್ನಿಯಾದಲ್ಲಿರುವ ಕಲಬುರಗಿ ಮಂದಿಗೆ

ಕಲಬುರಗಿ, ಬೀದರ್ ಕಡೆಯವರಿಗೆ ಭೂಕಂಪ ಅಂದರೆ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದವರ ಮೇಲೆ ಕಲ್ಲು-ಮಣ್ಣಿನ ಗೋಡೆಗಳು ಬಿದ್ದವು. 2021ರಲ್ಲಿ ಚಿಂಚೋಳಿಯ ಗಡಿಕೇಶ್ವಾರದಲ್ಲಿ ನೆಲ ಗುಡುಗಿದಾಗಲೂ ಜನ ಮನೆಯೊಳಗೆ ಮಲಗಲು ಹೆದರಿದರು. ನಮ್ಮ ಭಯವೆಲ್ಲ ಗೋಡೆ, ಮಾಳಿಗೆಯದು.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ. ಇಲ್ಲಿ ಹೆಚ್ಚಿನವು ಕಟ್ಟಿಗೆಯ ಮನೆಗಳು. ಅಲುಗಾಡಿದರೆ ಬಗ್ಗಿ ತಡೆದುಕೊಳ್ಳುತ್ತವೆ, ಕಿಡಿ ಬಿದ್ದರೆ ಉಳಿಯುವುದಿಲ್ಲ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ನಡುಗಿದ್ದು ಒಂದು ನಿಮಿಷದ ಆಸುಪಾಸು, ಉರಿದದ್ದು ಮೂರು ದಿನ. ನೀರಿನ ಪೈಪುಗಳೇ ಒಡೆದಿದ್ದವು. 1989ರ ಭೂಕಂಪದಲ್ಲೂ ಅದೇ ಊರಿನ ಮರೀನಾ ಬಡಾವಣೆಯಲ್ಲಿ ಅದೇ ಕಥೆ. ಕೊನೆಗೆ ‘ಫೀನಿಕ್ಸ್’ ಎಂಬ ಬೋಟಿನಿಂದ ಕೊಲ್ಲಿಯ ನೀರು ಎತ್ತಿ ಹಾಕಬೇಕಾಯಿತು. ಹಾಗಾಗಿ ದೊಡ್ಡ ಭೂಕಂಪದ ದಿನ ಇಲ್ಲಿಯ ತುರ್ತು ನಂಬರ್ 911ಗೆ ಫೋನ್ ಹಚ್ಚಿದ ಕೂಡಲೇ ಬೆಂಕಿ ಆರಿಸುವ ಗಾಡಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಮೊದಲು ಗ್ಯಾಸ್ ವಿಷಯ. ಊರಿನಿಂದ ಆರು ತಿಂಗಳಿಗೆ ಅಂತ ಬರುವ ಅವ್ವ ಅಡುಗೆಮನೆ ನೋಡಿದ ಕೂಡಲೇ ಕೇಳುತ್ತಾಳೆ: “ಇಲ್ಲಿ ಗ್ಯಾಸ್ ಬಂದ್ ಮಾಡೋದು ಎಲ್ಲದ?” ಸರಿಯಾದ ಪ್ರಶ್ನೆ. ಎಷ್ಟೋ ವರ್ಷದಿಂದ ಇಲ್ಲಿರುವ ಮಗನಿಗೇ ಉತ್ತರ ಗೊತ್ತಿರುವುದಿಲ್ಲ! ಸಿಲಿಂಡರ್ ಇಲ್ಲ, ರೆಗ್ಯುಲೇಟರ್ ಇಲ್ಲ. ಗ್ಯಾಸ್ ಮೀಟರ್ ಸಾಮಾನ್ಯವಾಗಿ ಮನೆಯ ಹೊರಗೋಡೆಗಿರುತ್ತದೆ. ಅದಕ್ಕೆ ಬರುವ ಪೈಪಿನ ಮೇಲೆ ಒಂದು ವಾಲ್ವ್, ವಾಲ್ವಿನಲ್ಲಿ ಚಪ್ಪಟೆ ಹಿಡಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಗ್ಯಾಸ್ ಚಾಲೂ. ಕಾಲು ಸುತ್ತು ತಿರುವಿ ಅಡ್ಡ ಮಾಡಿದರೆ ಬಂದ್. ಬರಿಗೈಯಿಂದ ಆಗುವುದಿಲ್ಲ, 12 ಇಂಚಿನ ಪಾನಾ ಬೇಕು. ಅದನ್ನು ಮೀಟರ್ ಹತ್ತಿರವೇ ತಂತಿಯಿಂದ ಕಟ್ಟಿಡಿ. ಅಪಾರ್ಟ್‌ಮೆಂಟಿನಲ್ಲಿ ಮೀಟರುಗಳು ಸಾಲಾಗಿರುತ್ತವೆ. ನಿಮ್ಮದು ಯಾವುದು ಅಂತ ಮ್ಯಾನೇಜರನ್ನು ಇವತ್ತೇ ಕೇಳಿ.

ಆದರೆ ನೆಲ ಅಲುಗಿತು ಅಂತ ಸುಮ್ನೆ ಬಂದ್ ಮಾಡಬೇಡಿ. ವಾಸನೆ ಬಂದರೆ, ಸುಯ್ಯೆನ್ನುವ ಸದ್ದು ಕೇಳಿದರೆ, ಪೈಪ್ ಮುರಿದದ್ದು ಕಂಡರೆ ಮಾತ್ರ. ಯಾಕೆಂದರೆ ಒಮ್ಮೆ ಬಂದ್ ಮಾಡಿದ್ದನ್ನು ನೀವೇ ತೆರೆಯುವಂತಿಲ್ಲ. ಗ್ಯಾಸ್ ಕಂಪನಿಯವರು ಬಂದು ಪರೀಕ್ಷೆ ಮಾಡಿಯೇ ಚಾಲೂ ಮಾಡಬೇಕು. ಊರೆಲ್ಲ ಅವರನ್ನೇ ಕರೆಯುತ್ತಿರುವಾಗ ನಿಮ್ಮ ಸರದಿ ಬರಲು ದಿನಗಟ್ಟಲೆ ಹಿಡಿದೀತು. ಅಲ್ಲಿಯವರೆಗೆ ಬಿಸಿನೀರೂ ಇಲ್ಲ, ರೊಟ್ಟಿಯೂ ಇಲ್ಲ. ವಾಸನೆ ಬಂದಾಗ ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್ಲರೂ ಹೊರಗೆ ಬಂದು, ದೂರ ಹೋಗಿ ಫೋನ್ ಮಾಡಿ.

ಬಿಸಿನೀರಿನ ಟ್ಯಾಂಕನ್ನು ಗೋಡೆಗೆ ಪಟ್ಟಿಯಿಂದ ಬಿಗಿಯಬೇಕೆಂಬುದು ಇಲ್ಲಿಯ ಕಾನೂನು. ಟ್ಯಾಂಕ್ ಉರುಳಿದರೆ ಗ್ಯಾಸ್ ಪೈಪೂ ಕಿತ್ತು ಬರುತ್ತದೆ. ಮೇಲೊಂದು, ಕೆಳಗೊಂದು ಪಟ್ಟಿ ಇದೆಯಾ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರೆದು ತಿಳಿಸಿ.

ಕರೆಂಟ್ ವಾಪಸ್ ಬರುವ ಹೊತ್ತೂ ಅಪಾಯದ್ದೇ. ಹಾಸಿಗೆ ಮೇಲೆ ಬಿದ್ದ ಹೀಟರ್ ಆಗ ಕಾಯಲು ಶುರುವಾಗುತ್ತದೆ. ಮನೆ ಬಿಡುವ ಮುಂಚೆ ಪ್ಲಗ್ ಕಿತ್ತಿಡಿ. ಇನ್ನು ನಮ್ಮವರ ದೇವರ ಮನೆ ಇಲ್ಲಿ ಬಹಳ ಸಲ ಬಟ್ಟೆ ಇಡುವ ಗೂಡಿನಲ್ಲಿರುತ್ತದೆ. ಎಣ್ಣೆ ದೀಪ, ಹತ್ತಿರವೇ ರೇಷ್ಮೆ ಬಟ್ಟೆ, ಸುತ್ತ ಕಟ್ಟಿಗೆ. ಅಲುಗಾಟ ನಿಂತ ಕೂಡಲೇ ದೀಪ ಶಾಂತ ಮಾಡಿ, ದೇವರು ಬೇಜಾರಾಗುವುದಿಲ್ಲ. ಮತ್ತೆ ಮತ್ತೆ ನಡುಗುತ್ತದೆ, ಅಲ್ವಾ? ಟಾರ್ಚ್ ಬಳಸಿ, ಮೇಣದಬತ್ತಿ ಬೇಡ.

ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಹೊಗೆ ಅಲಾರಂ ಕಿರುಚುತ್ತದೆ ಅಂತ ಬ್ಯಾಟರಿ ತೆಗೆದಿಟ್ಟವರು ಇವತ್ತೇ ವಾಪಸ್ ಹಾಕಿ. ಕಿಟಕಿ ತೆರೆದು ಒಗ್ಗರಣೆ ಕೊಡಿ.

ಕಾಡ್ಗಿಚ್ಚಿನ ಕಾಲದಲ್ಲಿ ಎರಡು ಮಾತು ಕೇಳುತ್ತೀರಿ. ‘ಇವಾಕ್ಯುಯೇಷನ್ ವಾರ್ನಿಂಗ್’ ಅಂದರೆ ತಯಾರಾಗಿ, ‘ಆರ್ಡರ್’ ಅಂದರೆ ಈಗಲೇ ಹೊರಡಿ. ವಯಸ್ಸಾದವರಿದ್ದರೆ ವಾರ್ನಿಂಗಿಗೇ ಹೊರಡಬೇಕು. ಈ ಸಂದೇಶ ಬರಲು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದಂಗೆ) ಅಲರ್ಟಿಗೆ ನಂಬರ್ ನೋಂದಾಯಿಸಿ. ಕರೆಂಟ್ ಇಲ್ಲದಾಗ ಗ್ಯಾರೇಜ್ ಬಾಗಿಲು ತೆರೆಯದೆ ಹೋಗಬಹುದು. 2019ರ ಜುಲೈನಿಂದ ಹೊಸ ಮೋಟಾರುಗಳಿಗೆ ಬ್ಯಾಟರಿ ಕಡ್ಡಾಯವಾಗಿದೆ, ಹಳೆಯವಕ್ಕೆ ಇಲ್ಲದಿರಬಹುದು. ಮೇಲೆ ನೇತಾಡುವ ಕೆಂಪು ಹಗ್ಗ ಎಳೆದು ಬಾಗಿಲು ಕೈಯಿಂದ ಎತ್ತುವುದನ್ನು ಅಪ್ಪನಿಗೂ ತೋರಿಸಿ.

ಇನ್ಶೂರೆನ್ಸ್ ಬಗ್ಗೆ ಬಹಳ ಜನರಿಗೆ ಗೊಂದಲ. ಅಲುಗಾಟದಿಂದ ಆದ ಹಾನಿಗೆ ಬೇರೆ ಭೂಕಂಪ ಪಾಲಿಸಿ ಬೇಕು. ಆದರೆ ಭೂಕಂಪದಿಂದ ಹುಟ್ಟಿದ ಬೆಂಕಿಗೆ ಮಾಮೂಲಿ ಮನೆ ಪಾಲಿಸಿಯೇ ಹಣ ಕೊಡಬೇಕು, ಅದು ಈ ರಾಜ್ಯದ ಕಾನೂನು. ಬಾಡಿಗೆದಾರರ ಸಾಮಾನು ಮಾತ್ರ ಮಾಲೀಕರ ಪಾಲಿಸಿಯಲ್ಲಿ ಬರುವುದಿಲ್ಲ. ಅದಕ್ಕೆ ‘ರೆಂಟರ್ಸ್ ಇನ್ಶೂರೆನ್ಸ್’ ಅಂತ ಬೇರೆ ಇದೆ. ಒಂದೊಂದು ಕೋಣೆಯ ವಿಡಿಯೋ ತೆಗೆದು, ಊರಲ್ಲಿರುವ ತಮ್ಮನಿಗೋ ತಂಗಿಗೋ ಕಳಿಸಿಡಿ.