ಭಿನ್ನ ತೀರ್ಪನ್ನು ಕೊನೇ ಪುಟದಿಂದ ಓದಬೇಡಿ

ವಿಜಯಪುರದ ಜಿಲ್ಲಾ ಕೋರ್ಟಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ನನ್ನ ಆಫೀಸಿಗೆ ಬರುವ ಜೂನಿಯರ್‌ಗಳು ತೀರ್ಪು ಸಿಕ್ಕ ಕೂಡಲೇ ಕೊನೇ ಪುಟ ತೆಗೆಯುತ್ತಾರೆ. ಅಪೀಲು ಅಲೋ ಆಯ್ತಾ, ಡಿಸ್ಮಿಸ್ ಆಯ್ತಾ, ಅಷ್ಟೇ. ಬಹುಮತಕ್ಕೆ ಒಪ್ಪದ ನ್ಯಾಯಮೂರ್ತಿ ಬೇರೆಯಾಗಿ ಬರೆಯುವ ಭಿನ್ನ ತೀರ್ಪನ್ನು ಹಾಗೆ ಓದಿದರೆ ಕೈಗೆ ಏನೂ ಹತ್ತುವುದಿಲ್ಲ.

ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಭಿನ್ನ ತೀರ್ಪು ಹುಡುಕುವಾಗ ಮೊದಲು ಪೀಠ ನೋಡಿ. ಒಬ್ಬರೇ ಕೂತಿದ್ದರೆ ಭಿನ್ನಮತಕ್ಕೆ ಜಾಗವೇ ಇಲ್ಲ. ಇಬ್ಬರ ಅಭಿಪ್ರಾಯ ಬೇರೆಯಾದರೆ ಸಾಮಾನ್ಯವಾಗಿ ಮೂರನೆಯವರು ಕೇಳುತ್ತಾರೆ. ಅವರು ಒಂದು ಕಡೆ ನಿಂತ ಮೇಲೇ ಯಾರದು ಅಲ್ಪಮತ ಅಂತ ಗೊತ್ತಾಗುವುದು. 2022ರ ಮೇ ತಿಂಗಳಲ್ಲಿ ವೈವಾಹಿಕ ಅತ್ಯಾಚಾರದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಅವೆರಡರಲ್ಲಿ ಯಾವುದನ್ನೂ ಭಿನ್ನ ತೀರ್ಪು ಅನ್ನುವ ಹಾಗಿಲ್ಲ. ಭಿನ್ನ ತೀರ್ಪು ನೇರವಾಗಿ ಸಿಗುವುದು ಮೂವರು ಅಥವಾ ಜಾಸ್ತಿ ಜನರ ಪೂರ್ಣಪೀಠದಲ್ಲಿ. ಆದ್ದರಿಂದ ಭಿನ್ನ ತೀರ್ಪುಗಳ ಸಂಖ್ಯೆ ಕಡಿಮೆ ಇದೆ ಅಂತ ಆ ನ್ಯಾಯಮೂರ್ತಿ ಎಲ್ಲದಕ್ಕೂ ಹೂಂ ಅಂದವರು ಅಂದುಕೊಳ್ಳಬೇಡಿ. ಈ-ಕೋರ್ಟ್ಸ್ ತೀರ್ಪುಗಳ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ.

ನ್ಯಾಯಮೂರ್ತಿಯ ಸೇವೆಯ ವಿವರ ಬರೆದುಕೊಳ್ಳುವಾಗ ವರ್ಗಾವಣೆಯ ಸಾಲು ಬಿಡಬೇಡಿ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರ ಬಂಧನ ಪ್ರಶ್ನಿಸಿದ ಅರ್ಜಿ ಕೇಳಿದ ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ ಇಬ್ಬರನ್ನೂ 1976ರಲ್ಲಿ ಬೇರೆ ರಾಜ್ಯಗಳಿಗೆ ಕಳಿಸಲಾಯಿತು. ಬರೀ ನೇಮಕ, ನಿವೃತ್ತಿಯ ವರ್ಷ ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

ಇನ್ನು ಓದುವ ಕೆಲಸ. ನಾನು ಕಲಿಸಲು ತೆಗೆಯುವುದು ಬಿ.ವಿ. ನಾಗರತ್ನ ಅವರ ನೋಟು ರದ್ದತಿ ತೀರ್ಪು. 2008ರಿಂದ 2021ರವರೆಗೆ ಅವರು ಕರ್ನಾಟಕ ಹೈಕೋರ್ಟಿನಲ್ಲಿದ್ದರು. ಈ ತೀರ್ಪು ಸುಪ್ರೀಂ ಕೋರ್ಟಿಗೆ ಹೋದ ಮೇಲಿನದು: 2023ರ ಜನವರಿ 2, ನಾಲ್ವರು ಒಂದು ಕಡೆ, ಇವರೊಬ್ಬರೇ ಇನ್ನೊಂದು ಕಡೆ. ನೋಟು ರದ್ದಾದ 2016ರ ನವೆಂಬರಿನಲ್ಲಿ ತಿಕೋಟಾದ ನಮ್ಮ ಮಾವ ಒಣದ್ರಾಕ್ಷಿ ಮಾರಿದ ಹಣ ಹಿಡಿದು ಎರಡು ದಿನ ಬ್ಯಾಂಕಿನ ಪಾಳಿಯಲ್ಲಿ ನಿಂತಿದ್ದರು. ಹಾಗಾಗಿ ನನಗಿದು ಮನೆಯ ವಿಷಯವೂ ಹೌದು.

ಪೆನ್ಸಿಲ್ ಹಿಡಿಯಿರಿ. ಐವರೂ ಒಪ್ಪುವ ಸಂಗತಿ ದಾಟಿ, ದಾರಿ ಎಲ್ಲಿ ಕವಲಾಯಿತು ಅಂತ ಹುಡುಕಿ. ಇಲ್ಲಿ ಅದು ಆರ್‌ಬಿಐ ಕಾಯ್ದೆಯ 26(2)ನೇ ಕಲಮು. ಆರ್‌ಬಿಐ ಮಂಡಳಿಯ ಶಿಫಾರಸಿನ ಮೇಲೆ ‘ಯಾವುದೇ’ ಸರಣಿಯ ನೋಟನ್ನು ಸರ್ಕಾರ ರದ್ದು ಮಾಡಬಹುದು ಅಂತ ಅದು ಹೇಳುತ್ತದೆ. ‘ಯಾವುದೇ’ ಅಂದರೆ ‘ಎಲ್ಲಾ’ ಕೂಡ ಹೌದು ಅಂತ ನಾಲ್ವರು. ಅಲ್ಲ ಅಂತ ನಾಗರತ್ನ. ಆಮೇಲೆ ಅವರು ದಿನಾಂಕಗಳಿಗೆ ಬರುತ್ತಾರೆ. ಸರ್ಕಾರದ ಪತ್ರ ಹೋದದ್ದು 2016ರ ನವೆಂಬರ್ 7, ಶಿಫಾರಸು ಬಂದದ್ದು ಮರುದಿನ. ಮಾತು ಸರ್ಕಾರದಿಂದ ಹೊರಟಿದ್ದರೆ ಈ ಕಲಮು ಸಾಲದು, ಕಾನೂನೇ ತರಬೇಕಿತ್ತು ಅನ್ನುವುದು ಅವರ ವಾದ. ಒಂದು ಪದ, ಎರಡು ತಾರೀಖು. ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ, ಅಲ್ವಾ?

ಈಗ ಕೊನೇ ಪುಟ ಓದಿ. ಕ್ರಮ ಕಾನೂನುಬದ್ಧವಲ್ಲ ಅಂದರೂ, ಆಗಿಹೋದದ್ದನ್ನು ಹಿಂದಕ್ಕೆ ತರಲಾಗದು ಅಂತ ಅವರು ಹಳೇ ಸ್ಥಿತಿಗೆ ಮರಳಿಸಲಿಲ್ಲ. ಇಲ್ಲಿ ಹುಡುಗರಿಗೆ ಬೇಜಾರಾಗುತ್ತದೆ. ನನಗೂ ಆಗಿತ್ತು.

ಕಡೆಗೆ, ಆ ಭಿನ್ನ ತೀರ್ಪನ್ನು ಮುಂದೆ ಯಾವ ಪೀಠವಾದರೂ ಎತ್ತಿಕೊಂಡಿತೇ ಅಂತ ವರ್ಷಕ್ಕೊಮ್ಮೆ ನೋಡುತ್ತಿರಿ. ತುರ್ತು ಪರಿಸ್ಥಿತಿಯ ಬಂಧನಗಳ ಬಗ್ಗೆ 1976ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನವಾಗಿ ಬರೆದದ್ದೇ ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅದು ಖಾಸಗಿತನದ ಪ್ರಕರಣ. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.