ಕೆಂಪು ಧೂಳಿನ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡುವ ಬಗೆ

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಮಾರಾಟಕ್ಕೆ ನಿಂತ ಯಾವ ಕಾರೂ ಕೊಳೆಯಾಗಿರುವುದಿಲ್ಲ. ವಾಟರ್ ಸರ್ವಿಸ್ ಆಗಿರುತ್ತದೆ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಬಿದ್ದಿರುತ್ತದೆ, ಟೈರ್ ಕರ್ರಗೆ ಮಿರುಗುತ್ತಿರುತ್ತದೆ. ಹಾಗಾಗಿ ಪೈಪಿನ ನೀರು ಹೋಗದ ಜಾಗಗಳಿಂದಲೇ ನಾನು ಶುರು ಮಾಡುವುದು. ಅದಿರಿನ ಧೂಳು ಅಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಗಾಡಿ ಹೇಗೆ ಬಾಳಿದೆ ಎಂಬುದನ್ನು ಮಾಲೀಕರಿಗಿಂತ ಸರಿಯಾಗಿ ಹೇಳುತ್ತದೆ.

ಹೋಗುವ ಮೊದಲೇ ಆರ್‌ಸಿ ಫೋಟೊ ತರಿಸಿಕೊಂಡು, ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಮೂರು ವಿಷಯ ನೋಡುತ್ತೇನೆ: ಎಷ್ಟನೇ ಮಾಲೀಕರು, ಫೈನಾನ್ಸ್ ಇನ್ನೂ ಇದೆಯೇ, ಚಲನ್ ಬಾಕಿ ಇದೆಯೇ. ಫೈನಾನ್ಸ್ ಕಾಣಿಸಿದರೆ ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಯಲ್ಲಿರಬೇಕು. ನಮ್ಮದು ಗಡಿಸೀಮೆ. ಆದೋನಿ, ಅನಂತಪುರ, ಕರ್ನೂಲಿನಿಂದ ಎಪಿ ಗಾಡಿಗಳು ಬರುತ್ತವೆ, ರಾಯಚೂರಿಗೆ ತೆಲಂಗಾಣದವೂ ಬರುತ್ತವೆ. ಬೆಲೆ ಕಡಿಮೆ ಅನ್ನಿಸುತ್ತದೆ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಇಷ್ಟನ್ನೂ ಬೆಲೆಗೆ ಕೂಡಿಸಿದ ಮೇಲೆಯೇ ಬಳ್ಳಾರಿ ನಂಬರಿನ ಕೆಎ 34 ಗಾಡಿಯ ಜೊತೆ ಹೋಲಿಸಬೇಕು.

ಹಿಂದಿನ ರಾತ್ರಿಯೇ ಫೋನ್ ಮಾಡಿ, "ಅಣ್ಣಾರ, ನಾ ಬರೋತನಕ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ" ಎಂದು ಹೇಳಿರುತ್ತೇನೆ. ಬೆಳಿಗ್ಗೆ ಆರೂವರೆಗೆ ಹೋಗಿ ಮೊದಲು ಬಾನೆಟ್ ಮುಟ್ಟುತ್ತೇನೆ. ಬಿಸಿ ಇದ್ದರೆ ಅವತ್ತಿನ ನೋಟ ಅಲ್ಲಿಗೆ ಮುಗಿಯಿತು, ಇನ್ನೊಂದು ದಿನ ಬರುತ್ತೇನೆ. ಕಷ್ಟದ ಸ್ಟಾರ್ಟ್, ಮೊದಲ ನಿಮಿಷದ ನೀಲಿ ಹೊಗೆ, ಸಡಿಲ ಟೈಮಿಂಗ್ ಚೈನಿನ ಗಲಗಲ, ಇವೆಲ್ಲ ತಣ್ಣಗಿನ ಇಂಜಿನ್ನಿನಲ್ಲೇ ಸಿಗಬೇಕು. ಚೀಲದಲ್ಲಿ ಟಾರ್ಚ್, ಬಿಳಿ ಬಟ್ಟೆ, ಮಲ್ಟಿಮೀಟರ್, ಗಾಡಿಯ ಕಂಪ್ಯೂಟರಿನ ಎರರ್ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್, ಪೇಂಟ್ ದಪ್ಪ ಅಳೆಯುವ ಗೇಜ್ ಮತ್ತು ಸಣ್ಣ ಥರ್ಮಾಮೀಟರ್ ಇರುತ್ತವೆ.

ಸ್ಟಾರ್ಟ್ ಮಾಡುವುದಕ್ಕೂ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚುತ್ತೇನೆ. ನಮ್ಮ ಭಾಗದಲ್ಲಿ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇಲ್ಲ, ಆದರೂ ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಫಿಲ್ಟರ್ ಕೆಂಪಾಗಿದ್ದರೆ ತಪ್ಪಲ್ಲ, ಅದರ ಕೆಲಸವೇ ಅದು. ಅಥವಾ ನಿನ್ನೆಯೇ ಹೊಸದು ಹಾಕಿರಬಹುದು. ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಭಾಗ, ಅಂದರೆ ಇಂಜಿನ್ ಕಡೆಗೆ ಹೋಗುವ ರಬ್ಬರ್ ಪೈಪಿನ ಒಳಮೈ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಒರೆಸಿದರೆ ಬಟ್ಟೆ ಬೆಳ್ಳಗೆ ಬರಬೇಕು, ತುಸು ಎಣ್ಣೆಯ ಕಲೆ ಇದ್ದರೂ ನಡೆಯುತ್ತದೆ. ಕೆಂಪು ಪುಡಿ ಹತ್ತಿದರೆ ಫಿಲ್ಟರ್ ಅಂಚಿನಿಂದಲೋ ಸಡಿಲ ಕ್ಲಿಪ್ಪಿನಿಂದಲೋ ಧೂಳು ನೇರ ಸಿಲಿಂಡರಿಗೆ ಹೋಗಿದೆ ಎಂದರ್ಥ. ಆ ಪುಡಿ ಮರಳು ಕಾಗದದ ಹಾಗೆ ಪಿಸ್ಟನ್ನಿನ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ತೇಯುತ್ತದೆ, ಡೀಸೆಲ್ ಗಾಡಿಯಲ್ಲಿ ಟರ್ಬೊದ ರೆಕ್ಕೆಯನ್ನೂ ಸವೆಸುತ್ತದೆ. ಅಂಥ ಗಾಡಿ ಇನ್ನೊಂದು ವರ್ಷ ಚೆನ್ನಾಗಿಯೇ ಓಡಬಹುದು, ಆಮೇಲೆ ಆಯಿಲ್ ಕುಡಿಯಲು ಶುರು ಮಾಡುತ್ತದೆ.

ಅನುಮಾನ ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ರಿಂಗ್ ದಾಟಿ ಸಿಲಿಂಡರಿನ ಒತ್ತಡ ಕೆಳಕ್ಕೆ ಸೋರುತ್ತಿದೆಯೇ ಎಂದು ನೋಡಬೇಕು. ಇಂಜಿನ್ ಕಾದ ಮೇಲೆ, ಓಡುತ್ತಿರುವಾಗಲೇ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ಬಾಯಿಯ ಮೇಲೆ ಸಡಿಲವಾಗಿ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಕುಣಿದು ಕೆಳಗೆ ಬಿದ್ದರೆ, ಬುಸುಬುಸು ಹೊಗೆ ಬಂದರೆ, ರಿಂಗ್ ಸವೆದಿದೆ. ಕೆಲವು ಇಂಜಿನ್‌ಗಳಲ್ಲಿ ಗಾಳಿ ಒಳಕ್ಕೆ ಎಳೆಯುತ್ತದೆ, ಅದು ದೋಷವಲ್ಲ. ಆದ್ದರಿಂದ ಮುಚ್ಚಳವೊಂದನ್ನೇ ನಂಬದೆ ಗ್ಯಾರೇಜಿನಲ್ಲಿ ಕಂಪ್ರೆಷನ್ ಗೇಜ್ ಹಾಕಿಸಿ. ಸಿಲಿಂಡರಿನಿಂದ ಸಿಲಿಂಡರಿಗೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನಾನು ಆ ಗಾಡಿ ಬಿಟ್ಟುಬಿಡುತ್ತೇನೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿದೆಯೆಂದು ಹೆದರಬೇಡಿ, ಹಾಕಿದ ಕೆಲವೇ ದಿನಕ್ಕೆ ಅದು ಕಪ್ಪಾಗುತ್ತದೆ. ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಪದಾರ್ಥ ಕಂಡರೆ ಮಾತ್ರ ನೀರು ಬೆರೆತಿರಬಹುದು. ಚಳಿ ಊರುಗಳಲ್ಲಿ ಸಣ್ಣ ಓಡಾಟದಿಂದಲೂ ಅದು ಬರುತ್ತದೆ. ನಮ್ಮ ಬಿಸಿಲಿನಲ್ಲಿ ಬಂದರೆ ಇಂಜಿನ್ ಹೆಡ್ಡಿನ ಅಡಿ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆಯೇ ಅನುಮಾನ ಪಡಬೇಕು.

ಎರಡನೆಯ ಶತ್ರು ಬೋರ್‌ವೆಲ್ ನೀರು. ಕೂಲೆಂಟ್ ಬದಲು ಗಡಸು ನೀರು ಹಾಕಿಕೊಂಡು ಓಡಿಸುವ ರೂಢಿ ಇಲ್ಲಿ ಇನ್ನೂ ಇದೆ. ಬಿಸಿಯಾದಂತೆ ಸುಣ್ಣ ಕಟ್ಟುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳು ಮುಚ್ಚುತ್ತವೆ, ವಾಟರ್ ಪಂಪು ತುಕ್ಕು ಹಿಡಿಯುತ್ತದೆ. ಚಳಿಗಾಲದಲ್ಲಿ ಏನೂ ಗೊತ್ತಾಗದೆ ಮೇ ತಿಂಗಳಲ್ಲಿ ಎಸಿ ಹಾಕಿ ಏರು ಹತ್ತುವಾಗ ಮೀಟರ್ ಕೆಂಪಿಗೆ ಹೋಗುತ್ತದೆ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಹಸಿರು, ಗುಲಾಬಿ, ನೀಲಿ, ಯಾವ ಬಣ್ಣದ್ದಾದರೂ ಕೂಲೆಂಟ್ ತಿಳಿಯಾಗಿರಬೇಕು. ಚಹಾದ ಬಣ್ಣ ತುಕ್ಕಿನದು, ಬಾಯಿ ಸುತ್ತ ಬಿಳಿ ಹಕ್ಕಳೆ ಸುಣ್ಣದ್ದು. ಮೇಲೆ ಎಣ್ಣೆ ತೇಲುತ್ತಿದ್ದರೆ ಮುಂದೆ ನೋಡುವುದೇ ಬೇಡ. ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರಿನ ಜಾಲರಿಯನ್ನೂ ಟಾರ್ಚ್ ಹಾಕಿ ನೋಡಿ, ಕೆಂಪು ಮಣ್ಣು ಮೆತ್ತಿ ಗಾಳಿ ಆಡದಿದ್ದರೆ ಇಂಜಿನ್ನಿಗೂ ಎಸಿಗೂ ಒಟ್ಟಿಗೆ ತೊಂದರೆ.

ಇಂಜಿನ್ ಆಫ್ ಇರುವಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿರಬೇಕು, ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ. ಸ್ಕ್ಯಾನರಿನಲ್ಲಿ ಎರರ್ ಕೋಡ್ ಇಲ್ಲ ಎಂದಾಕ್ಷಣ ಸಮಾಧಾನಪಡಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಸಾಲನ್ನು ತೆರೆಯಿರಿ. ಅಲ್ಲಿ 5 ಅಥವಾ 10 ಎಂದಿದ್ದರೆ ನಿಮಗೆ ತೋರಿಸುವ ಮುನ್ನವೇ ಯಾರೋ ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಇನ್ನು ಬಾಡಿ. ಕಂಪನಿ ಪೇಂಟ್ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ಇರುತ್ತದೆ. 200 ದಾಟಿದರೆ ಮರು ಪೇಂಟ್, 300 ದಾಟಿದರೆ ಒಳಗೆ ಪುಟ್ಟಿ. ಬಾನೆಟ್ ಮತ್ತು ರೂಫಿನ ವಾರ್ನಿಷ್ ನಮ್ಮ ಬಿಸಿಲಿಗೆ ಸುಲಿಯುವುದು ಸಾಮಾನ್ಯ, ಅದಕ್ಕಾಗಿ ಮರು ಪೇಂಟ್ ಆಗಿದ್ದರೆ ದೊಡ್ಡ ವಿಷಯವಲ್ಲ. ರೂಫ್ ಹೊರುವ ಕಂಬಗಳ ಮೇಲೆ ಪುಟ್ಟಿ ಸಿಕ್ಕರೆ ದೊಡ್ಡ ವಿಷಯ, ಗಾಡಿ ಪಲ್ಟಿ ಹೊಡೆದಿರಬಹುದು. ಬಾಗಿಲಿನ ರಬ್ಬರ್ ಎಳೆದು ಒಳಗಿನ ಸ್ಪಾಟ್ ವೆಲ್ಡಿಂಗ್ ನೋಡಿ. ಫ್ಯಾಕ್ಟರಿಯ ಗುಳಿಗಳು ದುಂಡಗೆ, ಹೆಚ್ಚುಕಡಿಮೆ ಸಮ ಅಂತರದಲ್ಲಿರುತ್ತವೆ. ಬಾನೆಟ್ ಅಡಿ ಇಂಜಿನ್ನಿನ ಎರಡೂ ಪಕ್ಕದ ಉದ್ದ ತೊಲೆಗಳಲ್ಲಿ, ಅಂದರೆ ಮುಂದಿನ ಚಾಸಿಸ್ ಕಾಲುಗಳಲ್ಲಿ, ಸುಕ್ಕು ಅಥವಾ ಗ್ಯಾಸ್ ವೆಲ್ಡಿಂಗ್ ಕಂಡರೆ ಬೆಲೆ ಎಷ್ಟೇ ಇಳಿದರೂ ಬೇಡ. 17 ಅಕ್ಷರದ ಚಾಸಿಸ್ ನಂಬರನ್ನು ಆರ್‌ಸಿ ಜೊತೆ ಒಂದೊಂದಾಗಿ ಓದಿ. ಸುತ್ತ ಗ್ರೈಂಡರ್ ಆಡಿಸಿದ ಗುರುತಿದ್ದರೆ ಅಲ್ಲಿಂದ ಎದ್ದುಬನ್ನಿ.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಿಂದ ಬಂದ ಗಾಡಿಯಾದರೆ ಧೂಳಿಗಿಂತ ಕೆಸರಿನ ಚಿಂತೆ ಹೆಚ್ಚು. ಎರೆಮಣ್ಣು ಬಾಗಿಲ ಕೆಳಗಿನ ಪಟ್ಟಿಯ ನೀರಿನ ತೂತುಗಳನ್ನು ಮುಚ್ಚಿ ತಿಂಗಳುಗಟ್ಟಲೆ ಒದ್ದೆ ಹಿಡಿದಿಡುತ್ತದೆ, ತುಕ್ಕು ಒಳಗಿನಿಂದ ಬರುತ್ತದೆ. ಜಾಕ್ ಇಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡಿನ ಸದ್ದು ಬೇರೆ, ತುಕ್ಕು ತಿಂದ ತಗಡಿನ ಬೊದ್ದು ಸದ್ದು ಬೇರೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕೊನೆಯ ಅಡಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಲ್ಲಿ ನಿಂತಿತ್ತು.

ಸ್ಟೀಲ್ ಪ್ಲಾಂಟಿಗೆ, ಗಣಿಗೆ ಬಾಡಿಗೆಗೆ ಬಿಟ್ಟ ಗಾಡಿಗಳು ಬಹಳ ಓಡಿರುತ್ತವೆ, ಮೀಟರ್ ಹಾಗೆ ಹೇಳದಿರಬಹುದು. ಪೆಡಲಿನ ರಬ್ಬರ್, ಸ್ಟೇರಿಂಗಿನ ಹೊಳಪು, ಚಾಲಕನ ಸೀಟಿನ ಅಂಚು ನೋಡಿ, ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಕಿಲೋಮೀಟರ್ ತಾಳೆ ಹಾಕಿ. ಹಳದಿ ಬೋರ್ಡ್ ಬಿಳಿ ಮಾಡಿದ ಗಾಡಿಯಲ್ಲಿ ಆಕ್ಸಿಲರೇಟರ್ ಹತ್ತಿರ ಸ್ಪೀಡ್ ಗವರ್ನರ್ ಕಿತ್ತ ವೈರುಗಳು ಟೇಪ್ ಸುತ್ತಿಕೊಂಡು ಉಳಿದಿರುತ್ತವೆ.

ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2321 ಎಂದರೆ 2021ರ 23ನೇ ವಾರ. ಗ್ರಿಪ್ ಎಷ್ಟೇ ಇರಲಿ, ಆರು ವರ್ಷ ದಾಟಿ ಪಕ್ಕ ಬಿರುಕು ಬಿಟ್ಟ ಟೈರಿನಲ್ಲಿ ಬೇಸಿಗೆಯ ಮಧ್ಯಾಹ್ನ ಹೊಸಪೇಟೆ ಹೈವೇಗೆ ಇಳಿಯಬಾರದು. ನಾಲ್ಕು ಹೊಸ ಟೈರಿನ ಬೆಲೆ ಮಾತಿನಲ್ಲೇ ಕಳೆಯಿರಿ.

ಓಡಿಸಿ ನೋಡಲು ಅರ್ಧ ಗಂಟೆಯಾದರೂ ಬೇಕು. ಸಂಡೂರಿನ ಏರಿನಂಥ ರಸ್ತೆ ಸಿಕ್ಕರೆ ಒಳ್ಳೆಯದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆದಾಗ ಟಕಟಕ ಎಂದರೆ ಡ್ರೈವ್ ಶಾಫ್ಟ್ ಸವೆದಿದೆ. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟರೆ ಇಂಜಿನ್ ಆಫ್ ಆಗಬೇಕು, ಆಗದೆ ಗುರುಗುಟ್ಟಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇದನ್ನು ಒಂದೇ ಸಲ ಮಾಡಿ. ಎಸಿಯನ್ನು ಬಿಸಿಲೇರಿದ ಮೇಲೆ ಪರೀಕ್ಷಿಸಬೇಕು: ಹೊರಗೆ 40 ಡಿಗ್ರಿ ಇರುವಾಗ ಒಳಗಿನ ಗಾಳಿಯನ್ನೇ ಮತ್ತೆ ತಂಪು ಮಾಡುವ ಬಟನ್ ಹಾಕಿ ಹತ್ತು ನಿಮಿಷ ಓಡಿಸಿದರೆ ಎಸಿ ಕಿಂಡಿಯಲ್ಲಿ 12 ಡಿಗ್ರಿ ಆಸುಪಾಸು ಬರಬೇಕು. 15 ದಾಟಿದರೆ ಗ್ಯಾಸ್, ಕಂಡೆನ್ಸರ್, ಕಂಪ್ರೆಸರ್, ಮೂರರಲ್ಲಿ ಒಂದಕ್ಕೆ ಖರ್ಚಿದೆ.

ಒಪ್ಪಿಗೆಯಾದರೆ ಮಾಲೀಕತ್ವ ಬದಲಿಸುವ ಫಾರಂ 29, 30ಕ್ಕೆ ಸಹಿ, ಎರಡೂ ಕೀ, ದಿನಾಂಕದ ಜೊತೆ ಗಂಟೆ ನಿಮಿಷ ಬರೆದ ಡೆಲಿವರಿ ನೋಟ್. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಮನೆಗೆ ತಂದ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್ ನಾಲ್ಕನ್ನೂ ಬದಲಿಸಿ, ಡೀಸೆಲ್ ಆದರೆ ಡೀಸೆಲ್ ಫಿಲ್ಟರನ್ನೂ. ರೇಡಿಯೇಟರ್ ಖಾಲಿ ಮಾಡಿ ಡಿಸ್ಟಿಲ್ಡ್ ವಾಟರ್ ತುಂಬಿ ಇಂಜಿನ್ ಕಾಯಿಸಿ, ತಣಿಸಿ, ಚೆಲ್ಲಿ. ತುಕ್ಕಿನ ಬಣ್ಣ ಹೋಗಿ ತಿಳಿನೀರು ಬರುವವರೆಗೆ ಹೀಗೇ ಮಾಡಿ, ಆಮೇಲೆ ಕೂಲೆಂಟ್ ಹಾಕಿ.