ಬೆರಕೆ ಬೆಳ್ಳಿಯ ಯುರೋಪಿನ ನಾಣ್ಯ: ಸಿಪ್ಪೆ ಬಿಡಿ, ತಿರುಳು ನೋಡಿ

ಹಳೇ ಯುರೋಪಿನ ಬೆಳ್ಳಿ ನಾಣ್ಯ ಕೈಗೆ ಸಿಕ್ಕರೆ ಮೊದಲು ವಿಭೂತಿಯನ್ನು ದೂರ ಇಡಿ. ದಾವಣಗೆರೆ, ಚಿತ್ರದುರ್ಗದ ಕಡೆ ಕರಡಿಗೆ, ದೀಪ, ಆರತಿತಟ್ಟೆ ಕಪ್ಪಾದರೆ ವಿಭೂತಿಯಲ್ಲಿ ತಿಕ್ಕುತ್ತೇವೆ, ಹುಣಸೆಹುಳಿಯಲ್ಲಿ ತೊಳೆಯುತ್ತೇವೆ. ನಾಣ್ಯಕ್ಕೆ ಹಾಗೆ ಮಾಡಿದರೆ ವಿಭೂತಿ ಸಣ್ಣ ಗೀರು ಬೀಳಿಸುತ್ತದೆ, ಹುಳಿ ತಾಮ್ರದ ಕಿಲುಬನ್ನು ಕರಗಿಸಿ ಬಿಳುಪನ್ನಷ್ಟೇ ಉಳಿಸುತ್ತದೆ. ಬೆಳ್ಳಿಗೆ ತಾಮ್ರ ಬೆರೆತಿದೆ ಎಂದು ಹೇಳುವ ಗುರುತೇ ಆ ಕಿಲುಬು.

ಟಂಕಸಾಲೆಗಳಲ್ಲೂ ಹೆಚ್ಚುಕಡಿಮೆ ಇದೇ ಕೆಲಸ ನಡೆಯುತ್ತಿತ್ತು. ಬೆರಕೆ ಬಿಲ್ಲೆಯನ್ನು ಕಾಯಿಸಿದಾಗ ಮೇಲಿನ ತಾಮ್ರ ಕಪ್ಪಾಗುತ್ತದೆ. ಅದನ್ನು ಹುಳಿ ದ್ರಾವಣದಲ್ಲಿ ತೆಗೆದರೆ ಬೆಳ್ಳಿಯೇ ಹೆಚ್ಚಿರುವ ತೆಳು ಸಿಪ್ಪೆ ಉಳಿಯುತ್ತದೆ. ಆಮೇಲೆ ಅಚ್ಚು ಹೊಡೆದರೆ ಒಳಗೆ ಮೂರರಲ್ಲಿ ಎರಡು ಪಾಲು ತಾಮ್ರವಿದ್ದರೂ ಹೊಸ ನಾಣ್ಯ ಬೆಳ್ಳಗೆ ಕಾಣುತ್ತದೆ. ಇಂಗ್ಲೆಂಡಿನ ಎಂಟನೇ ಹೆನ್ರಿ 1544ರಿಂದ ಬೆಳ್ಳಿ ಇಳಿಸುತ್ತಾ ಹೋಗಿ ನೂರಕ್ಕೆ 33ಕ್ಕೆ ತಂದ. ಮಗ ಆರನೇ ಎಡ್ವರ್ಡನ ಕಾಲದಲ್ಲಿ, 1551ರಲ್ಲಿ, ಅದು 25ಕ್ಕೆ ಇಳಿಯಿತು. ಹೆನ್ರಿಯ ಆ ನಾಣ್ಯಗಳಲ್ಲಿ ಮುಖ ನೇರವಾಗಿ ನಮ್ಮ ಕಡೆ ನೋಡುತ್ತದೆ, ಮೂಗೇ ಎಲ್ಲಕ್ಕಿಂತ ಎತ್ತರ. ನಾಲ್ಕು ಕೈ ದಾಟುವಷ್ಟರಲ್ಲಿ ಮೂಗು ಸವೆದು ಕೆಂಪಾಗುತ್ತಿತ್ತು. ಜನ ಅವನಿಗೆ ತಾಮ್ರಮೂಗಿನವ ಎಂದೇ ಹೆಸರಿಟ್ಟರು.

ನಾವು ನೋಡಬೇಕಾದ್ದೂ ಅಲ್ಲೇ: ಮೂಗು, ಕೆನ್ನೆ, ಕಿವಿಯ ಮೇಲಿನ ಕೂದಲು, ಅಕ್ಷರಗಳ ನೆತ್ತಿ. ಅಕ್ಕಸಾಲಿಗರು ಬಳಸುವ 10 ಪಟ್ಟು ಭೂತಗನ್ನಡಿ ಸಾಕು. ಟ್ಯೂಬ್‌ಲೈಟ್ ಬೇಡ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಿಳುಪು ನಿಧಾನವಾಗಿ ಕೆಂಪಿಗೆ ತಿರುಗಿ, ಎರಡರ ನಡುವೆ ಗೆರೆ ಕಾಣದಿದ್ದರೆ ಅದು ಬೆರಕೆ ಬೆಳ್ಳಿ. ಗೋಡೆಯ ಬಣ್ಣ ಚಕ್ಕೆ ಎದ್ದಂತೆ ಅಂಚು ಸ್ಪಷ್ಟವಾಗಿದ್ದು ಒಳಗೆ ಬರೀ ತಾಮ್ರವಿದ್ದರೆ ಅದು ಬೆಳ್ಳಿ ಲೇಪದ ಖೋಟಾ. ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಮೊದಲನೆಯದು ಸರ್ಕಾರದ್ದೇ ನಾಣ್ಯ, ಎರಡನೆಯದು ಕಳ್ಳನದು.

ಇನ್ನು ಸಾಂದ್ರತೆ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ತ ಪರೀಕ್ಷೆ ಇದೇ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ನಾಣ್ಯ ತೂಗಿ ಬರೆದುಕೊಳ್ಳಿ. ಸಣ್ಣ ಲೋಟದಲ್ಲಿ ನೀರು ತುಂಬಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಮೊದಲ ತೂಕವನ್ನು ಈಗ ಕಾಣುವ ಅಂಕೆಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. ಅಪ್ಪಟ ಬೆಳ್ಳಿ 10.49, ತಾಮ್ರ 8.96. ನೂರಕ್ಕೆ 92.5 ಬೆಳ್ಳಿಯಿದ್ದರೆ 10.36, ಅರ್ಧಕ್ಕರ್ಧ ಇದ್ದರೆ 9.67, ಮೂರರಲ್ಲೊಂದು ಪಾಲಿದ್ದರೆ 9.42ರ ಹತ್ತಿರ ಬರುತ್ತದೆ.

ಬ್ರಿಟನ್ನಿನ ಎರಡು ಶಿಲಿಂಗ್ ನಾಣ್ಯದ ತೂಕ 11.31 ಗ್ರಾಂ. 1920ರಲ್ಲಿ ಬೆಳ್ಳಿಯನ್ನು 92.5ರಿಂದ 50ಕ್ಕೆ ಇಳಿಸಿದರೂ ತೂಕ ಅಷ್ಟೇ ಇತ್ತು. ಹಾಗಾಗಿ ಬರೀ ತೂಕ ಏನೂ ಹೇಳುವುದಿಲ್ಲ. ನೀರಿನಲ್ಲಿ ಹಳೆಯದು 1.09 ತೋರಿಸುತ್ತದೆ, ಅರ್ಧ ಬೆಳ್ಳಿಯದು 1.17ರಿಂದ 1.19. 1947ರಿಂದ ಬಂದವುಗಳಲ್ಲಿ ಬೆಳ್ಳಿಯೇ ಇಲ್ಲ.

ಪರೀಕ್ಷೆ ಕೆಡುವುದು ಮೂರು ಕಡೆ. ಗಾಳಿಗುಳ್ಳೆ ಅಂಟಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ, ಸೋಪು ಹಾಕುವುದು ಅದಕ್ಕೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಆ ಬೆಸುಗೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ಗ್ರಾಮಿನ ಸಣ್ಣ ನಾಣ್ಯವಾದರೆ 0.01ರ ತಪ್ಪೇ ನೂರಕ್ಕೆ ಐದಾಗುತ್ತದೆ. ಅಂಥದ್ದನ್ನು ದಾವಣಗೆರೆಯ ಮಂಡಿಪೇಟೆಯ ಬಂಗಾರದಂಗಡಿಯ ಮಿಲಿಗ್ರಾಂ ತಕ್ಕಡಿಯಲ್ಲೇ ತೂಗಿಸಿ. ಸಾಂದ್ರತೆ 10.5 ದಾಟಿದರೆ ಸೀಸ ಸೇರಿರಬಹುದು. ಮೊದಲು ಮನೆಯಲ್ಲಿರುವ ಹಳೇ ರೂಪಾಯಿಯಲ್ಲಿ ಕೈ ಪಳಗಿಸಿಕೊಳ್ಳಿ: ಏಳನೇ ಎಡ್ವರ್ಡನ 11.66 ಗ್ರಾಂ ರೂಪಾಯಿ ನೀರಿನಲ್ಲಿ 1.13, ಆರನೇ ಜಾರ್ಜನ 1940ರ ನಂತರದ ಅರ್ಧ ಬೆಳ್ಳಿ ರೂಪಾಯಿ 1.22. 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ.

ಜರ್ಮನ್ ನಾಡುಗಳ ನಾಣ್ಯಕ್ಕೆ ಒಂದು ಅನುಕೂಲವಿದೆ, ಎಷ್ಟೋ ನಾಣ್ಯಗಳ ಮೇಲೆ ಬೆಳ್ಳಿಯ ಲೆಕ್ಕವೇ ಬರೆದಿರುತ್ತದೆ. ‘ಐನ ಫೈನ ಮಾರ್ಕ್’ ಎಂದರೆ ಒಂದು ಮಾರ್ಕ್ ಅಪ್ಪಟ ಬೆಳ್ಳಿ; ಇಲ್ಲಿ ಮಾರ್ಕ್ ಎನ್ನುವುದು ಹಳೇ ತೂಕದ ಅಳತೆ, 233.856 ಗ್ರಾಂ. ಆ ಮಾತಿಗೆ ಮೊದಲು ಬರುವ ಅಂಕೆ, ಅಷ್ಟು ಬೆಳ್ಳಿಯಲ್ಲಿ ಎಷ್ಟು ನಾಣ್ಯ ಎಂದು ಹೇಳುತ್ತದೆ. ರೋಮನ್ ಅಂಕೆಯಲ್ಲಿ ಹದಿನಾಲ್ಕು ಇರುವ ಪ್ರಷ್ಯಾದ ಥಾಲರ್ ತೆಗೆದುಕೊಳ್ಳಿ: 233.856ನ್ನು 14ರಿಂದ ಭಾಗಿಸಿದರೆ 16.70 ಗ್ರಾಂ. ನಾಣ್ಯ 22.27 ಗ್ರಾಂ ತೂಗುತ್ತದೆ, ಅಂದರೆ ನೂರಕ್ಕೆ 75. ಅರವತ್ತು ಎಂದಿರುವ 20 ಕ್ರಾಯ್ಟ್ಸರ್ ನಾಣ್ಯ 6.68 ಗ್ರಾಂ, ಬೆಳ್ಳಿ 58.3. ಇದು ಕದ್ದು ಬೆರೆಸಿದ್ದಲ್ಲ, ಕಾನೂನೇ ಹಾಗಿತ್ತು. ಕದ್ದು ಬೆರೆಸಿದ್ದೂ ಉಂಟು. ಏಳು ವರ್ಷಗಳ ಯುದ್ಧದಲ್ಲಿ (1756–63) ಪ್ರಷ್ಯಾ ಲೈಪ್‌ಜಿಗ್ ಟಂಕಸಾಲೆ ಹಿಡಿದು, ಯುದ್ಧಕ್ಕೆ ಮುಂಚಿನ ಇಸವಿ ಹಾಕಿಯೇ ಬೆಳ್ಳಿ ಕಡಿಮೆಯ ಸ್ಯಾಕ್ಸನಿ ನಾಣ್ಯ ಹೊಡೆಸಿತು. ಆ ಕಾಲದ ಸ್ಯಾಕ್ಸನಿ ನಾಣ್ಯದಲ್ಲಿ ಇಸವಿ ನೋಡಿ ತೀರ್ಮಾನಿಸಬೇಡಿ.

ನಮ್ಮ ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ದಿನಾರಿಯಸ್ ಸಿಕ್ಕಿವೆ. ದಕ್ಷಿಣ ಭಾರತದ ನಿಧಿಗಳಲ್ಲಿ ಹೆಚ್ಚಾಗಿ ಸಿಗುವವೂ ಇವರಿಬ್ಬರವೇ. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿ ಇಳಿಸಿದ; ಅದಕ್ಕೂ ಮುಂಚಿನ ಒಳ್ಳೇ ಬೆಳ್ಳಿ ಇಲ್ಲಿನ ವ್ಯಾಪಾರಿಗಳಿಗೆ ಹಿಡಿಸಿತ್ತು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಾನೂನು.

ಎಕ್ಸ್‌ರೇ ಬಿಟ್ಟು ಲೋಹದ ಪ್ರಮಾಣ ತೋರಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಮಷೀನು ಓದುವುದು ಕೂದಲೆಳೆಯಷ್ಟು ಮೇಲ್ಪದರವನ್ನು ಮಾತ್ರ. ಸಿಪ್ಪೆಯಲ್ಲಿ ಬೆಳ್ಳಿ ಹೆಚ್ಚಿರುವುದರಿಂದ ಟಚ್, ಅಂದರೆ ನೂರಕ್ಕೆ ಎಷ್ಟು ಬೆಳ್ಳಿ ಎನ್ನುವ ಲೆಕ್ಕ, ಜಾಸ್ತಿ ತೋರಿಸುತ್ತದೆ. ಒಮ್ಮೆ ತಗ್ಗು ಜಾಗದಲ್ಲಿ, ಒಮ್ಮೆ ಸವೆದ ಮೂಗಿನ ಮೇಲೆ ಹಿಡಿಯಲು ಹೇಳಿ. ತಗ್ಗಿನಲ್ಲಿ 60, ಮೂಗಿನಲ್ಲಿ 40, ಸಾಂದ್ರತೆಯ ಲೆಕ್ಕದಲ್ಲಿ 35 ಬಂದರೆ 35ನ್ನೇ ಬರೆದುಕೊಳ್ಳಿ. ಒರೆಗಲ್ಲಿಗೆ ಉಜ್ಜಲು ಮಾತ್ರ ಕೊಡಬೇಡಿ. ಮೊದಲ ಒರೆಯಲ್ಲಿ ಬರುವುದು ಸಿಪ್ಪೆಯ ಬೆಳ್ಳಿಯೇ, ನಾಣ್ಯದ ಅಂಚಿಗೆ ಬಿದ್ದ ಗಾಯ ಮಾತ್ರ ಹೋಗುವುದಿಲ್ಲ.